ಡೈರಿಗೆ ಬಂದ ಕಂಕುಳಿನ ಮಿಷನ್ನು

ಕ್ಯಾನ್ಸರ್ ಎನ್ನುವ ಮಾತನ್ನು ನಾನೀಗ ಎಲ್ಲಿ ಬೇಕಾದರೂ ಹೇಳಬಲ್ಲೆ. ಸುಗಟೂರಿನಿಂದ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ, ಟೊಮೇಟೊ ಕ್ರೇಟುಗಳ ನಡುವೆ ಒಂಟಿ ಕಾಲಿನಲ್ಲಿ ನಿಂತು, ಹಿಂದಿನ ಸೀಟಿಗೂ ಕೇಳಿಸುವ ಹಾಗೆ ಹೇಳಿದ್ದೇನೆ. ಹೇಳಿದ್ದಕ್ಕೆ ಒಮ್ಮೆ ಕಿಟಕಿ ಪಕ್ಕದ ಸೀಟೂ ಸಿಕ್ಕಿದೆ. ಆದರೆ ಕಂಕುಳು ಎನ್ನುವ ಮಾತನ್ನು ಹೋದ ವರ್ಷದವರೆಗೂ ನಾನು ಬಾಯಿ ಬಿಟ್ಟು ಹೇಳಿದವಳಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಎಂಟನೇ ತರಗತಿಯ ಪುಸ್ತಕದಲ್ಲಿ ಹರೆಯದ ಬಗ್ಗೆ ಒಂದು ಪಾಠವಿದೆ. ಅಲ್ಲಿ ಎಲ್ಲೆಲ್ಲಿ ಕೂದಲು ಬೆಳೆಯುತ್ತದೆ ಎಂದು ಸರ್ಕಾರವೇ ಅಚ್ಚು ಹಾಕಿಸಿ ಕೊಟ್ಟಿದೆ. ಇಪ್ಪತ್ತೆರಡು ವರ್ಷದಿಂದ ಆ ಪಾಠ ಬಂದ ದಿನ ನನಗೆ ಕೆಮ್ಮು ಬರುತ್ತದೆ. "ಇದು ಸುಲಭವಾಗಿದೆ ಮಕ್ಕಳೇ, ಮನೇಲಿ ಓದ್ಕೊಳ್ಳಿ" ಎಂದು ಹೇಳಿ, ಮುಂದಿನ ಪಾಠಕ್ಕೆ ಹಾರಿ, ಬೆಳಕು ಹೇಗೆ ನೆಟ್ಟಗೆ ಹೋಗುತ್ತದೆ ಎನ್ನುವುದನ್ನು ಎರಡು ಸಲ ಹೇಳಿಕೊಡುತ್ತೇನೆ. ನಮ್ಮ ಶಾಲೆಯ ಮಕ್ಕಳು ಬೆಳಕಿನಲ್ಲಿ ಬಹಳ ಗಟ್ಟಿ.

ಈ ನಾಚಿಕೆ ಬರೀ ಪಾಠಕ್ಕೆ ಸೀಮಿತವಾಗಿದ್ದರೆ ನಗಬಹುದಿತ್ತು. ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಾಗ ಅದನ್ನೂ ನಾಲ್ಕು ತಿಂಗಳು ಮನೆಯಲ್ಲೇ ಓದಿಕೊಂಡೆ. ಗಂಡನಿಗೆ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಕೊನೆಗೆ ಹೇಳಿದಾಗ ಅದು ಕಡಲೆಕಾಳಿನಿಂದ ನೆಲ್ಲಿಕಾಯಿಯಾಗಿತ್ತು. ಆಪರೇಷನ್ ಆಯಿತು. ಕಂಕುಳಿನ ಗಂಟುಗಳನ್ನೂ ತೆಗೆದರು. ದುಗ್ಧರಸ ಗ್ರಂಥಿ ಎಂದು ನಮ್ಮ ಪುಸ್ತಕದಲ್ಲಿ ಬರುತ್ತದಲ್ಲ, ಕೈಗೆ ಸೋಂಕು ತಗುಲಿದರೆ ತಡೆಯುವ ಕಾವಲುಗಾರರು, ಅವೇ. ಆಮೇಲೆ ಕೀಮೋ, ಬೋಳು ತಲೆ, ಅದರ ಮೇಲೊಂದು ಸ್ಕಾರ್ಫು. ಇದನ್ನೆಲ್ಲ ನಾನು ಅಳದೆ ದಾಟಿದೆ ಎಂದು ಊರಿನವರು ಹೊಗಳುತ್ತಾರೆ. ಅತ್ತದ್ದು ಬಾತ್‌ರೂಮಿನಲ್ಲಿ, ನಲ್ಲಿ ತಿರುಗಿಸಿಟ್ಟುಕೊಂಡು. ಅದು ಊರಿಗೆ ಗೊತ್ತಿಲ್ಲ.

ಕೀಮೋ ಮುಗಿದ ಮೇಲೆ ಮನೆಯವರೆಲ್ಲ ನನ್ನ ತಲೆಯನ್ನೇ ಕಾಯುತ್ತಿದ್ದರು. ನಮ್ಮತ್ತೆಯಂತೂ ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಸ್ಕಾರ್ಫು ಸರಿಸಿ, ಸಸಿ ಮಡಿ ನೋಡುವ ಹಾಗೆ ನೋಡುತ್ತಿದ್ದರು. ತಲೆಯಲ್ಲಿ ಏನೂ ಇಲ್ಲ. ಆದರೆ ಒಂದು ದಿನ ಸ್ನಾನ ಮಾಡುವಾಗ ಗೊತ್ತಾಯಿತು, ಕೂದಲು ಬಂದಿದೆ. ವಿಳಾಸ ತಪ್ಪಿ ಕಂಕುಳಿಗೆ ಬಂದಿದೆ. ಬಲಕ್ಕೆ ಸುಮಾರು, ಎಡಕ್ಕೆ ಧಾರಾಳ. ಬೇಡ ಎಂದ ಕಡೆ ಪೈರು, ಬೇಕು ಎಂದ ಕಡೆ ಬಯಲು. ಇದನ್ನು ತೆಗೆಯಲೇಬೇಕೆಂದು ಯಾರೂ ಹೇಳಿರಲಿಲ್ಲ, ಇದ್ದರೆ ಇರಲಿ ಎಂದರೂ ಏನೂ ಆಗುತ್ತಿರಲಿಲ್ಲ. ಆದರೆ ನನಗೆ ಹಟ ಬಂತು. ತಲೆಯ ಕೂದಲು ಹೋಗುವಾಗ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಇದನ್ನಾದರೂ ಇಟ್ಟುಕೊಳ್ಳುವುದೋ ಬಿಡುವುದೋ ನಾನೇ ತೀರ್ಮಾನಿಸುತ್ತೇನೆ ಎಂದು ಕನ್ನಡಿಯ ಮುಂದೆ ನಿಂತು ನನಗೆ ನಾನೇ ಹೇಳಿಕೊಂಡೆ.

ತೀರ್ಮಾನ ಮಾಡುವುದು ಸುಲಭ, ತೆಗೆಯುವುದು ಹೇಗೆ? ಆಪರೇಷನ್ ಆದ ಕಡೆಯ ಕೈಗೆ ಚುಚ್ಚಬಾರದು, ಕೊಯ್ಯಬಾರದು, ಸುಡಬಾರದು, ಬೀಪಿ ಪಟ್ಟಿಯನ್ನೂ ಕಟ್ಟಬಾರದು ಎಂದು ಮೊದಲೇ ಹೇಳಿದ್ದರು. ಕಾವಲುಗಾರರು ಇಲ್ಲದ ಮನೆ. ಸಣ್ಣ ಗಾಯದಿಂದ ಸೋಂಕು ಹೊಕ್ಕರೂ ಕೈ ಊದಿಕೊಂಡು, ಒಮ್ಮೆ ಊದಿದ್ದು ಪೂರ್ತಿ ಇಳಿಯದೆ ಹೋಗಬಹುದು. ಇನ್ನೊಂದು ತೊಂದರೆ, ಅಲ್ಲಿ ನನಗೆ ಸ್ಪರ್ಶವೇ ಇಲ್ಲ. ಇರುವೆ ಹರಿದರೂ ಗೊತ್ತಾಗುವುದಿಲ್ಲ. ಚೆಕಪ್‌ಗೆ ಹೋದಾಗ ನರ್ಸಮ್ಮನ ಹತ್ತಿರ ಕೇಳೋಣ ಎಂದು ಹೋದೆ. ಬಾಯಿ ಬರಬೇಕಲ್ಲ? "ಸಿಸ್ಟರ್, ಆ ಜಾಗದಲ್ಲಿ ಕೂದ್ಲು ಬಂದಿದೆ" ಎಂದೆ. "ಯಾವ ಜಾಗ ಮೇಡಂ?" "ಅದೇ... ಆ ಜಾಗ." ಆಕೆ ಬಾಗಿಲು ಹಾಕಿ, ಪರದೆ ಎಳೆದು, ಮಂಚ ತೋರಿಸಿ, ಕೈಗೆ ಗ್ಲೌಸು ಹಾಕಿಕೊಳ್ಳತೊಡಗಿದಾಗ ನನಗೆ ಗಾಬರಿಯಾಗಿ ತಟ್ಟನೆ ಎಡಗೈ ಎತ್ತಿಬಿಟ್ಟೆ. ಆಕೆ ನಕ್ಕು ಗ್ಲೌಸು ಬಿಚ್ಚಿದಳು. "ಅಯ್ಯೋ, ಇದಾ! ಬ್ಲೇಡು, ರೇಜರ್ ಮುಟ್ಬೇಡಿ. ವ್ಯಾಕ್ಸು ಬೇಡ್ವೇ ಬೇಡ. ಕ್ರೀಮೂ ಸದ್ಯಕ್ಕೆ ಬೇಡ, ಚರ್ಮ ಉರಿಯುತ್ತೆ. ಬ್ಯಾಟರಿ ಟ್ರಿಮ್ಮರ್ ಬರುತ್ತಲ್ಲ, ಅದು ತಗೊಳ್ಳಿ. ನಿಮಗೇ ಅಂತ ಬೇರೆ ಇರ್ಲಿ, ಬೇರೆಯವರು ಯಾರೂ ಮುಟ್ಟಬಾರ್ದು. ಕನ್ನಡಿ ಇಟ್ಕೊಂಡು, ಒಳ್ಳೇ ಬೆಳಕಲ್ಲಿ, ಮೆಲ್ಲಗೆ. ಕೆಂಪಾದ್ರೆ, ಊದಿದ್ರೆ, ಜ್ವರ ಬಂದ್ರೆ ತಕ್ಷಣ ಬನ್ನಿ" ಎಂದಳು. ನಾನು ತಲೆಯಾಡಿಸಿ ಬಂದೆ.

ಈಗ ನಮ್ಮ ಯಜಮಾನರ ವಿಷಯ ಹೇಳಬೇಕು. ಹೆಸರು ಮುನಿರಾಜು, ಕೆಲಸ ರೇಷ್ಮೆ. ಸೋಂಕು ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಮುಖ ಬದಲಾಗುತ್ತದೆ. ನಮ್ಮ ಹುಳುಮನೆಯ ಹೊಸಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ ಇದೆ. ಅದರಲ್ಲಿ ಕಾಲು ಅದ್ದದೆ ನಮ್ಮ ಬೀಗರಿಗೂ ಒಳಗೆ ಪ್ರವೇಶವಿಲ್ಲ. ನರ್ಸಮ್ಮ ಹೇಳಿದ್ದನ್ನೆಲ್ಲ ಕೇಳಿ ಅವರು ಗಂಭೀರವಾಗಿ, "ಅಷ್ಟೇ ತಾನೆ? ಪೊರೆ ಬಿಡೋಕೆ ನಾಲ್ಕನೇ ಜ್ವರಕ್ಕೆ ಕೂತಿರೋ ಹುಳನ ನೋಡ್ಕೊಂಡಂಗೆ ನೋಡ್ಕೊಂತೀನಿ ಬಿಡೇ" ಎಂದರು. ಮಾರನೆಯ ದಿನ ಬಾತ್‌ರೂಮಿನ ಹೊಸಿಲಿಗೂ ಒಂದು ತಟ್ಟೆ ಬಂತು. ಸುತ್ತ ಸುಣ್ಣದ ಗೆರೆ ಎಳೆದರು. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನನ್ನು ಹುಳುವಿನ ಸಮಕ್ಕೆ ಕೂರಿಸಿದ್ದು ಇದೇ ಮೊದಲು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಪ್ರೀತಿಗೆ, ಅರ್ಧ ಬ್ಲೀಚಿಂಗ್ ವಾಸನೆಗೆ. ನಮ್ಮತ್ತೆ ಮಾತ್ರ, "ಅದಕ್ಕೇನು ಮಿಷನ್ನು? ಒಲೆ ಬೂದಿ ಹಚ್ಚಿ ತಿಕ್ಕಿದ್ರೆ ಬೇರ್ ಸಮೇತ ಬರ್ತೈತೆ" ಎಂದು ಬೂದಿ ಹಿಡಿದು ಬಂದರು. ಯಜಮಾನರು ತಾಯಿಯನ್ನು ಸುಣ್ಣದ ಗೆರೆಯ ಆಚೆಯೇ ತಡೆದರು.

ಟ್ರಿಮ್ಮರನ್ನು ಅಂಗಡಿಯಲ್ಲಿ ಕೇಳಿ ತರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೋಲಾರದ ಅಂಗಡಿಗಳಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳೇ. ಅದಕ್ಕೆ ಮೊಬೈಲಿನಲ್ಲಿ ಆರ್ಡರ್ ಮಾಡಿದೆ, ಯಾರಿಗೂ ಗೊತ್ತಾಗದ ಹಾಗೆ. ಇಲ್ಲಿಯೇ ನೋಡಿ ನನ್ನ ಬುದ್ಧಿ ಕೈಕೊಟ್ಟಿದ್ದು. ನಮ್ಮೂರಿಗೆ ಬರುವ ಪಾರ್ಸೆಲುಗಳೆಲ್ಲ ಹಾಲಿನ ಡೈರಿಯಲ್ಲಿ ಇಳಿಯುತ್ತವೆ. ಕೊರಿಯರ್ ಹುಡುಗರು ಮನೆ ಹುಡುಕುವುದಿಲ್ಲ, ಡೈರಿ ಸೆಕ್ರೆಟರಿ ಚೌಡಪ್ಪನ ಮೇಜಿನ ಮೇಲಿಟ್ಟು ಹೋಗುತ್ತಾರೆ. ಚೌಡಪ್ಪ ಒಳ್ಳೆಯ ಮನುಷ್ಯ. ಹಾಲಿಗೆ ನೀರು ಬೆರೆಸಿದ್ದಾರಾ ಎಂದು ನೋಡಿ ನೋಡಿ ಅಭ್ಯಾಸವಾಗಿ, ಪಾರ್ಸೆಲನ್ನೂ ಬಿಚ್ಚಿ, ಮಾಲು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿಯೇ ಕೊಡುವವನು. ನಾನು ಆರ್ಡರ್ ಮಾಡುವಾಗ ಇದು ಹೇಗೋ ಮರೆತೇ ಹೋಗಿತ್ತು.

ಬೆಳಿಗ್ಗೆ ಆರೂವರೆ, ಊರಿನವರೆಲ್ಲ ಡೈರಿಯ ಮುಂದೆ ಕ್ಯಾನು ಹಿಡಿದು ಸಾಲು ನಿಂತಿರುವ ಹೊತ್ತು. ಹಸುಗಳಿಗೆ ಲಸಿಕೆ ಹಾಕುವವರು ಬಂದರೆ ಕೂಗಿ ಹೇಳಲು ಡೈರಿಯ ಮೇಲೆ ಒಂದು ಮೈಕು ಕಟ್ಟಿದ್ದಾರೆ. ನಾನು ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದೆ. ಮೈಕು ಕರಕರ ಎಂದಿತು. "ಮುನಿರಾಜಣ್ಣನೋರು ಎಲ್ಲಿದ್ರೂ ಬರ್ಬೇಕು. ಟೀಚರಮ್ಮಂಗೆ ಆಸ್ಪತ್ರೆ ಮಿಷನ್ನು ಬಂದೈತೆ. ಕ್ಯಾನ್ಸರ್ ಮಿಷನ್ನು. ಬೇಗ ಬಂದು ತಗೊಂಡೋಗ್ಬೇಕು, ಇಲ್ಲಿ ಎಲ್ರೂ ಮುಟ್ತಾವ್ರೆ." ನನ್ನ ರಂಗೋಲಿಯ ಎಳೆ ಪಕ್ಕದ ಮನೆ ಅಂಗಳಕ್ಕೆ ಹೋಯಿತು.

ಯಜಮಾನರು ಓಡಿದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಚೌಡಪ್ಪ ಡಬ್ಬಿ ಬಿಚ್ಚಿ ಮಿಷನ್ನನ್ನು ಅಂಗೈಯಲ್ಲಿಟ್ಟುಕೊಂಡು ಸುತ್ತಲಿನವರಿಗೆ ಪಾಠ ಮಾಡುತ್ತಿದ್ದನಂತೆ. ಡಬ್ಬಿಯ ಮೇಲೆ ಕೈ ಎತ್ತಿ ನಗುವ ಹೆಂಗಸಿನ ಚಿತ್ರವಿತ್ತು. "ನೋಡ್ರಿ, ಕೈ ಎತ್ತಾವ್ಳೆ. ಟೀಚರಮ್ಮಂಗೆ ಆಪರೇಷನ್ ಆಗಿದ್ದೂ ಅದೇ ಕಡೆ. ಈಯಮ್ಮಂಗೆ ವಾಸಿ ಆಗೈತೆ, ಅದಕ್ಕೇ ನಗ್ತಾವ್ಳೆ." ಸ್ವಿಚ್ಚು ಒತ್ತಿದ. ಮಿಷನ್ನು ಜುಯ್ಯೆಂದು, ತುದಿಯಲ್ಲಿ ಕೆಂಪು ದೀಪ ಹತ್ತಿತು. ಸಾಲಿನಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಚೌಡಪ್ಪ ಹಾಲು ಪರೀಕ್ಷೆಯ ಮಿಷನ್ನಿನ ಪಕ್ಕದ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದ. ಸಾಲು ಮುಗಿಯುವ ಹೊತ್ತಿಗೆ ದೀಪ ಹಸಿರಾಯಿತು. ಅಷ್ಟೇ, ಸಂಶೋಧನೆ ಮುಗಿಯಿತು: ಕೆಂಪು ಅಂದರೆ ಕಾಯಿಲೆ ಇದೆ, ಹಸಿರು ಅಂದರೆ ಇಲ್ಲ. "ಅಲ್ವಾ ಮುನಿರಾಜಣ್ಣ?" ಎಂದು ಕೇಳಿದ. ಐವತ್ತು ಜನ ಗಂಡಸರು ಹೆಂಗಸರು ನೋಡುತ್ತಿದ್ದಾರೆ. ಹೆಂಡತಿಯ ಕಂಕುಳಿನ ಕೂದಲಿನ ವಿಷಯ ಡೈರಿಯಲ್ಲಿ ಹೇಳುವುದುಂಟೇ? "ಆಸ್ಪತ್ರೇಲಿ ಹೇಳಿದ್ದು" ಎಂದಷ್ಟೇ ಹೇಳಿ, ಮಿಷನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. "ಸುಳ್ಳೇನೂ ಹೇಳ್ಲಿಲ್ಲ ಕಣೇ" ಎಂದರು ನನ್ನ ಮುಂದೆ. ನಾನೂ ಹೌದೆಂದೆ. ಒಂದು ಮಾತಿನಲ್ಲಿ ಮುಗಿಯಬೇಕಾದ್ದನ್ನು ನಾವಿಬ್ಬರೂ ಸೇರಿ ಹೊಟ್ಟೆಯೊಳಗೆ ಇಟ್ಟುಕೊಂಡೆವು.

ಐವತ್ತು ಜನ ಮುಟ್ಟಿದ ಮಿಷನ್ನು! ಯಜಮಾನರು ಅದನ್ನು ಇಡೀ ಬ್ಲೀಚಿಂಗ್ ನೀರಲ್ಲಿ ಮುಳುಗಿಸಲು ಹೊರಟಿದ್ದರು. ನಾನು ಕಿತ್ತುಕೊಂಡು, ಜೊತೆಗೆ ಬಂದ ಚೀಟಿ ಓದಿ, ತಲೆಯ ಭಾಗವನ್ನು ಬಿಚ್ಚಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಒಣಗಿಸಿದೆ. ಭಾನುವಾರ ಮೊದಲ ಪ್ರಯೋಗ. ನಾನು ಸ್ಟೂಲಿನ ಮೇಲೆ ಕೂತು ಎಡಗೈಯನ್ನು ಗೋಡೆಯ ಮೇಲೆ ಮೆಲ್ಲಗೆ ಹತ್ತಿಸಿ ಎತ್ತಿದೆ. ಅಷ್ಟು ಎತ್ತಲು ಮೂರು ತಿಂಗಳು ವ್ಯಾಯಾಮ ಮಾಡಿದ್ದೆ. ಯಜಮಾನರು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದು ಕೈಲಿ ಕನ್ನಡಿ, ಒಂದು ಕೈಲಿ ಟಾರ್ಚು ಹಿಡಿದು ನಿಂತರು. ನಾನು ಬಲಗೈಯಲ್ಲಿ ಮಿಷನ್ನು ಹಿಡಿದು ಚರ್ಮಕ್ಕೆ ಒತ್ತದೆ ಆಡಿಸಿದೆ. ನನಗೇನೂ ಗೊತ್ತಾಗುತ್ತಿಲ್ಲ, ಕನ್ನಡಿಯಲ್ಲಿ ಮಾತ್ರ ಕೂದಲು ಉದುರುತ್ತಿದೆ. "ಕೆಂಪಾಯ್ತಾರೀ?" "ಇಲ್ಲ." "ಗೀರಿತಾ?" "ಇಲ್ವೇ, ಸುಮ್ನಿರು, ಟಾರ್ಚು ಅಲ್ಲಾಡುತ್ತೆ."

ಇಷ್ಟರಲ್ಲಿ ಹೊರಗೆ ಪಿಸಪಿಸ ಮಾತು. ನಮ್ಮತ್ತೆಯ ದನಿ ಕೇಳಿಸಿತು: "ಸದ್ದು ಮಾಡ್ಬೇಡ್ರಮ್ಮಾ, ಒಳಗಡೆ ಟ್ರೀಟ್‌ಮೆಂಟ್ ನಡೀತೈತೆ." ಬಾಗಿಲು ತೆಗೆದರೆ ಹಜಾರದಲ್ಲಿ ಏಳು ಜನ ಹೆಂಗಸರು ಸಾಲಾಗಿ ಕೂತಿದ್ದಾರೆ, ಒಬ್ಬೊಬ್ಬರ ಕೈಯಲ್ಲೂ ಎಲೆ ಅಡಿಕೆ. ನಮ್ಮತ್ತೆಗೆ ನಿಜ ಗೊತ್ತು. ಬೂದಿ ಹಿಡಿದು ಬಂದಿದ್ದವರು ಅವರೇ. ಆದರೆ ಮನೆ ಬಾಗಿಲಿಗೆ ಏಳು ಜನ ಬಂದು ಕೂತರೆ ಯಾರಿಗೆ ತಾನೆ ನಿಜ ನೆನಪಿರುತ್ತದೆ? "ಯಾವ ಬಣ್ಣ ಬಂತಮ್ಮಾ?" ಎಂದು ಎಲ್ಲರ ಪರವಾಗಿ ಅವರೇ ಕೇಳಿದರು. ನಾನು ಬಾಯಿ ತೆರೆದೆ. ಕೆಮ್ಮು ಬಂತು. "ಹಸಿರು" ಎಂದೆ. ಏಳು ಜನವೂ ಕೈಮುಗಿದರು. ಒಬ್ಬಾಕೆ ನನ್ನ ಹಣೆಗೆ ಕುಂಕುಮ ಇಟ್ಟಳು. ಆ ವಾರವೆಲ್ಲ ಬರುವವರು ಹೋಗುವವರು. ಮಂಡಿನೋವಿಗೆ ಒಂದು ಸಲ ಆಡಿಸಿ ಎಂದು ಒಬ್ಬರು, ಈಯದ ಎಮ್ಮೆಗೆ ತೋರಿಸಿದರೆ ಏನಾದರೂ ಗೊತ್ತಾದೀತೇ ಎಂದು ಇನ್ನೊಬ್ಬರು. ಆಸ್ಪತ್ರೆಯವರು ಬೇರೆಯವರು ಮುಟ್ಟಬಾರದು ಎಂದಿದ್ದಾರೆ ಎಂದು ಎಲ್ಲರನ್ನೂ ಸಾಗಹಾಕಿದೆ. ಅದೂ ಸುಳ್ಳಲ್ಲ. ನಿಜವನ್ನೇ ಹೇಳಿ ಹೇಳಿ ನಾನು ಇಡೀ ಊರಿಗೆ ಸುಳ್ಳು ನಂಬಿಸುತ್ತಿದ್ದೆ, ಮತ್ತು ಒಳಗೊಳಗೇ ನಗುತ್ತಿದ್ದೆ. ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ನಷ್ಟ ಯಾರಿಗೆ ಎನ್ನುವುದು ಮುಂದಿನ ಭಾನುವಾರ ಮಧ್ಯಾಹ್ನ ಗೊತ್ತಾಯಿತು. ನಾರಾಯಣಮ್ಮ ಬಂದಳು. ನಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವಳು, ಶ್ರೀನಿವಾಸಪುರದ ಕಡೆಯಿಂದ ಮದುವೆಯಾಗಿ ಬಂದವಳು, ಕನ್ನಡ ಮಾತಾಡುತ್ತಾ ಆಡುತ್ತಾ ತೆಲುಗಿಗೆ ಜಾರುವವಳು. ಹಿತ್ತಲ ಬಾಗಿಲಿಂದ ಬಂದು, ನಮ್ಮತ್ತೆ ಮಲಗಿದ್ದಾರೆಂದು ಖಾತ್ರಿ ಮಾಡಿಕೊಂಡು, ನನ್ನ ಪಕ್ಕ ನೆಲದ ಮೇಲೆ ಕೂತಳು. ಸುಮಾರು ಹೊತ್ತು ಹುಳದ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡಿದಳು. ಆಮೇಲೆ ಸೆರಗು ಬಿಗಿಯಾಗಿ ಹೊದ್ದುಕೊಂಡು, "ಟೀಚರಮ್ಮ, ಎವರಿಗೂ ಹೇಳ್ಬೇಡಿ. ನಂಗೂ ಒಂದ್ಸಲ ಆ ಮಿಷನ್ನು ಇಟ್ಟು ನೋಡ್ತೀರಾ?" ಎಂದಳು.

"ಎಲ್ಲಿಗೆ ನಾರಾಯಣಮ್ಮ?"

ಅವಳು ನೆಲ ನೋಡಿದಳು. "ಆ ಜಾಗಕ್ಕೆ" ಎಂದಳು. ಆಮೇಲೆ ಕೈಯನ್ನು ಎದೆಯ ಬಲಕ್ಕೆ ಇಟ್ಟುಕೊಂಡಳು. "ಗಂಟೈತೆ. ಮೂರು ತಿಂಗ್ಳಾಯ್ತು. ನೋವಿಲ್ಲ, ಏಮೀ ಇಲ್ಲ. ನಮ್ಮನೇಲಿ ಹೇಳಿಲ್ಲ. ಹಸಿರು ಬಂದ್ರೆ ಸಾಕು ಟೀಚರಮ್ಮ, ಆಸ್ಪತ್ರೆಗೆ ಹೋಗೋದು ಬೇಡ, ಯಾರ ಮುಂದೇನೂ ಬಿಚ್ಚಿ ತೋರ್ಸೋದು ಬೇಡ."

ಮಿಷನ್ನು ಅಲ್ಲೇ ಕಪಾಟಿನಲ್ಲಿತ್ತು. ಆ ಬೆಳಿಗ್ಗೆಯಷ್ಟೇ ನಾನು ಅದನ್ನು ಪೂರ್ತಿ ಚಾರ್ಜ್ ಮಾಡಿದ್ದೆ. ಒತ್ತಿದರೆ ಹಸಿರೇ ಬರುತ್ತದೆ; ಅವಳಿಗೆ ಇಟ್ಟರೂ ಹಸಿರು, ಗೋಡೆಗೆ ಇಟ್ಟರೂ ಹಸಿರು. ಈ ಹೆಂಗಸು ಹಸಿರು ದೀಪ ನೋಡಿ, ಕೈಮುಗಿದು, ಮನೆಗೆ ಹೋಗಿ ನೆಮ್ಮದಿಯಾಗಿ ಸೊಪ್ಪು ಕೊಯ್ಯುತ್ತಾಳೆ. ನಾನು ಕಳೆದ ನಾಲ್ಕು ತಿಂಗಳನ್ನು ಇವಳೂ ಕಳೆಯುತ್ತಾಳೆ, ಅದೂ ನಾನು ಕೊಟ್ಟ ಸರ್ಟಿಫಿಕೇಟು ಇಟ್ಟುಕೊಂಡು. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಕೆಮ್ಮು ಬಂತು. ನುಂಗಿಕೊಂಡೆ.

"ನಾರಾಯಣಮ್ಮ, ಇದು ಕಾಯಿಲೆ ನೋಡೋ ಮಿಷನ್ನಲ್ಲ. ಕೂದ್ಲು ತೆಗ್ಯೋ ಮಿಷನ್ನು."

"ಯಾವ ಕೂದ್ಲು? ತಲೇಲಿ ಇಲ್ವಲ್ಲ ನಿಮ್ಗೆ?"

"ಕಂಕುಳ್ದು" ಎಂದೆ. ಅವಳು ಅರ್ಥವಾಗದೆ ನೋಡಿದಳು. ನನಗೆ ರೇಗಿಹೋಯಿತು. "ಕಂಕುಳ್ದು ಕಣೇ! ಕಂಕುಳು! ಕಂಕುಳಿನ ಕೂದ್ಲು!" ಎಂದು ಕೂಗಿದೆ. ಒಳಗೆ ನಮ್ಮತ್ತೆ ಎದ್ದು ಕೂತ ಸದ್ದಾಯಿತು. ಹುಳುಮನೆಯಿಂದ ಯಜಮಾನರು ಸೊಪ್ಪಿನ ಕಂತೆ ಹಿಡಿದು ಓಡಿಬಂದರು. ನಾನು ರವಿಕೆಯ ತೋಳು ಸರಿಸಿ, ಕೈ ಎತ್ತಿ ಬೋಳು ಕಂಕುಳನ್ನು ತೋರಿಸಿದೆ. ಅದಕ್ಕೂ ಅವಳು ನಂಬಲಿಲ್ಲ. ಕೊನೆಗೆ ಮಿಷನ್ನು ತೆಗೆದು ನನ್ನ ಬಲ ಮುಂಗೈಯ ಮೇಲೆ ಒಂದು ಗೆರೆ ಬೋಳಿಸಿದೆ. ಹಸಿರು ದೀಪ ಹತ್ತಿತು, ಸಣ್ಣ ಕೂದಲು ಅವಳ ಮಡಿಲಿಗೆ ಉದುರಿತು. ನಾರಾಯಣಮ್ಮ ಒಂದು ಕೂದಲನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, "ಇಂತೇನಾ?" ಎಂದಳು. ಇಷ್ಟೇನಾ ಎಂದು. ನನ್ನ ಇಪ್ಪತ್ತೆರಡು ವರ್ಷದ ನಾಚಿಕೆಗೆ ಅವಳು ಹಾಕಿದ ಮಾರ್ಕು ಅದು. ಆಮೇಲೆ ನಗತೊಡಗಿದಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ಅವಳು ಅತ್ತುಬಿಟ್ಟಳು, ಆಗ ನಾನು ನನ್ನ ನಾಲ್ಕು ತಿಂಗಳ ಕಥೆ ಹೇಳಿದೆ. ಯಾರಿಗೂ, ಯಜಮಾನರಿಗೂ ಹೇಳದೆ ಉಳಿಸಿಕೊಂಡಿದ್ದ ಕಥೆ. ಅವರು ಸೊಪ್ಪಿನ ಕಂತೆ ಹಿಡಿದೇ ನಿಂತು ಕೇಳಿದರು.

ಮಾರನೆಯ ದಿನ ನಾನು ರಜೆ ಹಾಕಿ ನಾರಾಯಣಮ್ಮನನ್ನು ಕೋಲಾರಕ್ಕೆ ಕರೆದುಕೊಂಡು ಹೋದೆ. ಪರದೆಯ ಒಳಗೆ ನಾನೇ ಅವಳ ಕೈ ಹಿಡಿದು ನಿಂತೆ. ಸ್ಕ್ಯಾನು, ಸೂಜಿ, ನಾಲ್ಕು ದಿನದ ಕಾಯುವಿಕೆ ಎಲ್ಲ ಆಗಿ, ಅದು ನೀರು ತುಂಬಿದ ಗಂಟು, ಹೆದರಬೇಕಾಗಿಲ್ಲ ಎಂದರು. ಆ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಕಾಗದ ಓದಿದ ನರ್ಸಮ್ಮನಿಗೆ, "ಹಂಗಾದ್ರೆ ಹಸಿರಾ?" ಎಂದು ನಾರಾಯಣಮ್ಮ ಕೇಳಿದಳು. ನರ್ಸಮ್ಮ ನನ್ನ ಮುಖ ನೋಡಿದಳು. ಹಸಿರು ಎಂದು ಹೇಳಿಬಿಡಿ ಎಂದೆ.

ಉಳಿದದ್ದು ಊರು. ಚೌಡಪ್ಪನ ಹತ್ತಿರ ಹೋಗಿ, ಹೀಗೆ ಹೀಗೆ, ಮೈಕಿನಲ್ಲಿ ತಿದ್ದಿ ಹೇಳಪ್ಪಾ ಎಂದೆ. ಅವನು ಕಿವಿಯವರೆಗೂ ಕೆಂಪಾಗಿ, "ಅಯ್ಯಯ್ಯೋ, ನನ್ನ ಬಾಯಲ್ಲಿ ಆ ಮಾತು ಬರಲ್ಲ ಟೀಚರಮ್ಮ" ಎಂದ. ಮೂವತ್ತು ದಾಟಿದ ಗಂಡಸಿಗೆ ಕೆಮ್ಮು ಬಂದದ್ದನ್ನು ನೋಡಿ ನನಗೆ ಯಾಕೋ ಅಕ್ಕರೆಯೇ ಬಂತು. ಅವನೂ ನನ್ನ ಹಳೆಯ ವಿದ್ಯಾರ್ಥಿ, ಪಾಠವನ್ನು ಮನೆಯಲ್ಲಿ ಓದಿಕೊಂಡವನು. ಮೈಕು ನಾನೇ ತೆಗೆದುಕೊಂಡೆ. "ನಮ್ಮನೆಗೆ ಬಂದಿರೋದು ಕಂಕುಳಿನ ಕೂದಲು ತೆಗೆಯೋ ಮಿಷನ್ನು. ಕೆಂಪು ದೀಪ ಅಂದ್ರೆ ಚಾರ್ಜ್ ಇಲ್ಲ ಅಂತ, ಹಸಿರು ಅಂದ್ರೆ ಇದೆ ಅಂತ. ಅದಕ್ಕೆ ಕಾಯಿಲೆ ಗೊತ್ತಾಗಲ್ಲ. ಎದೇಲಿ ಗಂಟು ಸಿಕ್ಕಿದೋರು ನನ್ನ ಹತ್ರ ಬರ್ಬೇಡಿ, ಡಾಕ್ಟ್ರ ಹತ್ರ ಹೋಗಿ. ಒಬ್ಬರೇ ಹೋಗೋಕೆ ನಾಚಿಕೆ ಆದ್ರೆ ನಾನು ಜೊತೇಲಿ ಬರ್ತೀನಿ." ಸಾಲಿನಲ್ಲಿ ಯಾರದೋ ಕ್ಯಾನು ಉರುಳಿ ಅರ್ಧ ಲೀಟರು ಹಾಲು ಮಣ್ಣುಪಾಲಾಯಿತು. ಅಂದು ಎಂಟನೇ ತರಗತಿಗೆ ಹೋದರೆ ಮಕ್ಕಳೆಲ್ಲ ಆ ಪಾಠವನ್ನೇ ತೆರೆದಿಟ್ಟುಕೊಂಡು ಕೂತಿದ್ದರು. ಮಾಡಿದೆ. ಹತ್ತೇ ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತೆಲ್ಲ ಅವರು ಕೇಳಿದ್ದು ಮಿಷನ್ನಿನ ಬ್ಯಾಟರಿಯ ಬಗ್ಗೆ.

ಈಗ ಊರಿನಲ್ಲಿ ಯಾರೂ ಆ ದೀಪವನ್ನು ನಂಬುವುದಿಲ್ಲ. ಹಾಗೆಂದು ಹೇಳಿ ಇಲ್ಲಿಗೆ ಮುಗಿಸಿದರೆ ನನಗೆ ಮರ್ಯಾದೆ. ಆದರೆ ಕಂಕುಳು ಎಂದೇ ಹೇಳಿಯಾದ ಮೇಲೆ ಇದನ್ನೇನು ಮುಚ್ಚಿಡುವುದು? ಮೂರು ತಿಂಗಳಿಗೊಮ್ಮೆ ನನಗೆ ಚೆಕಪ್ ಇರುತ್ತದೆ. ಅಂದು ಬೆಳಿಗ್ಗೆ ಸೀರೆ ಉಟ್ಟು, ಫೈಲು ತೆಗೆದುಕೊಂಡು, ಯಜಮಾನರು ಹೊರಗೆ ಗಾಡಿ ಸ್ಟಾರ್ಟ್ ಮಾಡುವಾಗ, ನಾನು ಕಪಾಟು ತೆರೆದು ಮಿಷನ್ನಿನ ಸ್ವಿಚ್ಚು ಒಂದೇ ಒಂದು ಸಲ ಒತ್ತಿ ನೋಡುತ್ತೇನೆ. ವಿಜ್ಞಾನದ ಟೀಚರಲ್ಲವೇ, ಹಿಂದಿನ ಸಂಜೆಯೇ ಪೂರ್ತಿ ಚಾರ್ಜ್ ಮಾಡಿಟ್ಟಿರುತ್ತೇನೆ.